ಗ್ರೋ ಲೈಟಿನ 'ಐಆರ್', 'ಯುವಿ' ಸ್ವಿಚ್ ಹಾಕಿದ್ರೆ ಕಣ್ಣಿಗೇನೂ ಕಾಣಲ್ಲ, ಗಿಡಕ್ಕೆ ಏನಾದ್ರೂ ಆಗತ್ತಾ?

ಸೊಪ್ಪುಸಾರು

ಎಲ್ರಿಗೂ ನಮಸ್ಕಾರ. ನಮ್ಮನೆ ಬೆಂಗಳೂರಿನ ವಿಜಯನಗರದಲ್ಲಿ, ಮೊದಲನೇ ಮಹಡಿ. ಎರಡೂ ಪಕ್ಕ ಮೂರಂತಸ್ತಿನ ಬಿಲ್ಡಿಂಗ್ ಎದ್ದಿದೆ, ಕಿಟಕಿಯಿಂದ ಕೈ ಚಾಚಿದ್ರೆ ಪಕ್ಕದ ಮನೆ ಗ್ರಿಲ್ಲೇ ಸಿಗತ್ತೆ, ಬಿಸಿಲು ಅನ್ನೋದು ಬೆಳಗ್ಗೆ ಒಂಚೂರು ಇಣುಕಿ ಹೋಗತ್ತೆ ಅಷ್ಟೆ. ಅದಕ್ಕೆ ಸ್ಟೋರ್ ರೂಮಲ್ಲಿ ಕಬ್ಬಿಣದ ಸ್ಟ್ಯಾಂಡ್ ಇಟ್ಟು 100 ವ್ಯಾಟಿನ ಎಲ್‌ಇಡಿ ಪ್ಯಾನಲ್ ನೇತಾಕಿ ಕೆಂಪು ಲೆಟ್ಯೂಸು, ಕಾಮಕಸ್ತೂರಿ, ಹರಿವೆ ಬೆಳೀತಾ ಇದೀನಿ. ಪ್ಯಾನಲಲ್ಲಿ ಮಾಮೂಲಿ ಬಿಳಿ ಲೈಟಿಗೆ ಒಂದು ಸ್ವಿಚ್ಚು, ಅದು ಬಿಟ್ಟು 'ಐಆರ್' ಅಂತ ಒಂದು 'ಯುವಿ' ಅಂತ ಒಂದು. ಐಆರ್ ಹಾಕಿದ್ರೆ ಏನೂ ಬದಲಾಗಿದ್ದೇ ಗೊತ್ತಾಗಲ್ಲ, ಕತ್ತಲಲ್ಲಿ ನೋಡಿದ್ರೆ ಎಲ್ಲೋ ಒಂದೆರಡು ಚುಕ್ಕೆ ಮಂಕಾಗಿ ಕೆಂಪಗೆ ಕಾಣತ್ತೆ. ಯುವಿ ಹಾಕಿದ್ರೆ ಸ್ವಲ್ಪ ನೇರಳೆ.

ಪ್ರಶ್ನೆ ಏನಂದ್ರೆ, ಅದೇ ಪ್ಯಾಕೆಟ್ಟಿನ ಬೀಜ ನಮ್ಮ ಅಕ್ಕನ ಮನೆ ತಾರಸಿ ಮೇಲೆ ಬೀಟ್‌ರೂಟ್ ಬಣ್ಣಕ್ಕೆ ಬಂದಿದೆ, ನಮ್ಮನೇಲಿ ಮಾತ್ರ ಬರೀ ಹಸಿರು, ಅಂಚಲ್ಲಿ ಲೈಟಾಗಿ ಕೆಂಪು. ಐಆರ್ ಸ್ವಿಚ್ ದಿನಪೂರ್ತಿ ಹಾಕಿಡೋಕೆ ಶುರು ಮಾಡಿದ ಮೇಲಂತೂ ಎಲೆ ಅಗಲ ಆಯ್ತು ಆದ್ರೆ ಇನ್ನೂ ಬಿಳಚಿಕೊಂಡ್ತು, ಕಾಮಕಸ್ತೂರಿ ಕಡ್ಡಿ ಕಡ್ಡಿಯಾಗಿ ಉದ್ದ ಬೆಳೀತಾ ಇದೆ, ಕೈಯಲ್ಲಿ ಉಜ್ಜಿದ್ರೂ ವಾಸನೆ ಅಷ್ಟಿಲ್ಲ. ನನ್ನ ಮಗ ಸೆಕೆಂಡ್ ಪಿಯುಸಿ, ಅವನು "ಅಮ್ಮ ಬೆಳಕಿನ ತರಂಗದ ಉದ್ದ 700 ನ್ಯಾನೋಮೀಟರ್ ದಾಟಿದ್ರೆ ಗಿಡಕ್ಕೆ ಉಪಯೋಗಾನೇ ಇಲ್ಲ, ಅಂಗಡಿಯವ್ನು ಟೋಪಿ ಹಾಕಿದಾನೆ" ಅಂತಾನೆ. ಉಪಯೋಗ ಇಲ್ಲ ಅಂದ್ಮೇಲೆ ಗಿಡ ಯಾಕೆ ಬದಲಾಯ್ತು? ಗೊತ್ತಿರೋರು ಹೇಳಿ ಪ್ಲೀಸ್.

ಎಸ್‌ಪಿ ರೋಡ್ ಗಿರಾಕಿ

ಮೇಡಂ, ಮೊದಲು ಆ ಸ್ವಿಚ್ಚಲ್ಲಿ ನಿಜವಾಗ್ಲೂ ಏನಿದೆ ಅಂತ ನೋಡ್ಕೊಳ್ಳಿ, ಯಾಕಂದ್ರೆ ಈ ಪ್ಯಾನಲ್‌ಗಳ ಮೇಲೆ ಬರ್ದಿರೋ ಹೆಸರು ನಂಬೋ ಹಾಗೇ ಇಲ್ಲ. 'ಐಆರ್' ಅಂತ ಬರ್ದಿರೋದು ಬಹುಪಾಲು 730 ನ್ಯಾನೋಮೀಟರಿನ ಫಾರ್ ರೆಡ್ (ಕೆಂಪು ಮುಗಿಯೋ ಅಂಚಿನ ಬೆಳಕು) ಡಯೋಡು, ನಿಜವಾದ ಇನ್‌ಫ್ರಾರೆಡ್ ಅಲ್ಲ. ನಮ್ಮ ಕಣ್ಣು 700 ದಾಟಿದ ಮೇಲೆ ಹೆಚ್ಚೂ ಕಮ್ಮಿ ಕುರುಡು, ಅದಕ್ಕೇ ಡಯೋಡು ಪೂರ್ತಿ ಉರೀತಾ ಇದ್ರೂ ಮಂಕು ಕೆಂಪು ಅನ್ಸತ್ತೆ. ನಿಮಗೆ ಕತ್ತಲಲ್ಲಿ ಚುಕ್ಕೆ ಕಾಣ್ತಿದೆ ಅಂದ್ರೆ 730ರ ಆಸುಪಾಸೇ ಇರ್ಬೇಕು. ಟಿವಿ ರಿಮೋಟಿನ ತುದಿ ಇದ್ಯಲ್ಲ ಅದು ಸಾಮಾನ್ಯವಾಗಿ 940, ಕಣ್ಣಿಗೆ ಸುತರಾಂ ಕಾಣಲ್ಲ ಆದ್ರೆ ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿದ್ರೆ ಮಿಣಮಿಣ ಅನ್ನತ್ತೆ, ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಗಟ್ಟಿ ಇರತ್ತೆ, ಹಾಗಾಗಿ ಎಷ್ಟೋ ಫೋನಲ್ಲಿ ಕಾಣಲ್ಲ. ಪ್ಯಾನಲಿನ ಡಯೋಡು ಕತ್ತಲಲ್ಲಿ ಬರಿಗಣ್ಣಿಗೆ ಏನೂ ಕಾಣದೆ ಸೆಲ್ಫಿ ಕ್ಯಾಮೆರಾಗೆ ಮಾತ್ರ ಕಂಡ್ರೆ ಅದು ರಿಮೋಟ್ ಜಾತಿ. ಗಿಡಕ್ಕೆ ಅದರಿಂದ ಬಿಸಿ ಬಿಟ್ರೆ ಏನೂ ಸಿಗಲ್ಲ.

ಯುವಿ (ಅಲ್ಟ್ರಾವಯಲೆಟ್) ಅಂತ ಇರೋದು 395 ಅಥವಾ 400 ಇರತ್ತೆ, ಅಂದ್ರೆ ನೇರಳೆ ಬಣ್ಣ ಮುಗಿಯೋ ಅಂಚು. ಐನೂರರ ನೋಟು ಹಿಡಿದು ನೋಡಿ, ನಂಬರ್ ಹಾಕಿರೋ ಜಾಗ, ಒಳಗಿನ ಸಣ್ಣ ಎಳೆಗಳು ಹೊಳೆದ್ರೆ ನೇರಳೆಗೆ ಹತ್ತಿರದ ಯುವಿ-ಎ ಸ್ವಲ್ಪ ಇದೆ ಅಂತ. ಆದ್ರೆ ಲೆಟ್ಯೂಸ್ ಕೆಂಪಗಾಗೋಕೆ ನೆರವಾಗೋ, ಇನ್ನೂ ಗಿಡ್ಡ ತರಂಗದ ಯುವಿ-ಬಿ ಇದ್ಯಾ ಅಂತ ನೋಟು ಹೇಳಲ್ಲ, ಮತ್ತೆ ಇರೋ ಸಾಧ್ಯತೆನೂ ಇಲ್ಲ ಬಿಡಿ. ಯುವಿ-ಬಿ ಎಲ್‌ಇಡಿ ದುಬಾರಿ, ಹಾಕಿದ ಕರೆಂಟಲ್ಲಿ ಬೆಳಕಾಗಿ ಬರೋದು ನೂರಕ್ಕೆ ಕೆಲವೇ ಪಾಲು, ಬಾಳಿಕೆನೂ ಕಮ್ಮಿ. ಆ ರೇಟಿಗೆ ಯಾರೂ ಹಾಕಿ ಕೊಡಲ್ಲ.

ಇನ್ನೊಂದು, ನಿಮ್ಮ ಬಿಳಿ ಎಲ್‌ಇಡಿ ಅಂದ್ರೆ ಒಳಗೆ 450ರ ನೀಲಿ ಚಿಪ್ಪು, ಮೇಲೆ ಹಳದಿ ಪುಡಿ ಬಳಿದಿರ್ತಾರೆ. ಅದರ ಬೆಳಕು ನೀಲಿಯಿಂದ ಶುರುವಾಗಿ 700ರ ಹತ್ರ ಮುಗಿದೋಗತ್ತೆ. ಯುವಿ ಇಲ್ಲವೇ ಇಲ್ಲ, ಫಾರ್ ರೆಡ್ ನಾಮ್‌ಕಾವಾಸ್ತೆ. ಬಿಸಿಲಲ್ಲಿ ಎರಡೂ ಧಾರಾಳ. ನಿಮ್ಮನೆ ಲೆಟ್ಯೂಸಿಗೂ ಅಕ್ಕನ ಮನೆ ಲೆಟ್ಯೂಸಿಗೂ ವ್ಯತ್ಯಾಸ ಶುರುವಾಗೋದು ಅಲ್ಲಿಂದ. ಮಿಕ್ಕಿದ್ದು ಬಯಾಲಜಿ, ನನ್ನ ಡಿಪಾರ್ಟ್‌ಮೆಂಟ್ ಅಲ್ಲ.

ಲ್ಯಾಬ್ ಕೋಟು

ಬಯಾಲಜಿ ನನ್ನ ಡಿಪಾರ್ಟ್‌ಮೆಂಟು :) ಸ್ವಲ್ಪ ಉದ್ದ ಆಗತ್ತೆ, ಟೀ ಇಟ್ಕೊಂಡು ಓದಿ.

ಮಗನ ಮಾತಿಂದ ಶುರು ಮಾಡೋಣ. ಗಿಡ ಬಳಸೋ ಬೆಳಕು 400ರಿಂದ 700 ಅನ್ನೋ ಲೆಕ್ಕ ಪುಸ್ತಕದಲ್ಲಿರೋದೇ, 700 ಮೇಲಿನ ಬೆಳಕೊಂದನ್ನೇ ಕೊಟ್ರೆ ದ್ಯುತಿಸಂಶ್ಲೇಷಣೆ ಕುಸಿದುಬೀಳತ್ತೆ ಅನ್ನೋದೂ ನಿಜ. ಆದ್ರೆ 1957ರಲ್ಲೇ ರಾಬರ್ಟ್ ಎಮರ್ಸನ್ ಅನ್ನೋರು ತೋರಿಸಿದ್ದೇನಂದ್ರೆ, ಫಾರ್ ರೆಡ್ ಜೊತೆಗೆ ಮಾಮೂಲಿ ಬೆಳಕೂ ಇದ್ರೆ ಎರಡೂ ಬೇರೆ ಬೇರೆ ಕೊಟ್ಟಾಗ ಬರೋ ಮೊತ್ತಕ್ಕಿಂತ ಜಾಸ್ತಿ ಬರತ್ತೆ ಅಂತ. ಯಾಕಂದ್ರೆ ಎಲೆಯೊಳಗೆ ಬೆಳಕು ಹಿಡಿಯೋ ಎರಡು ಯಂತ್ರ, ಅಂದ್ರೆ ಫೋಟೋಸಿಸ್ಟಮ್ ಇದೆ, ಒಂದರ ಹಿಂದೆ ಒಂದು ಕೆಲಸ ಮಾಡೋದು. ಎರಡನೇ ನಂಬರಿಂದು 680ರವರೆಗೆ ಚುರುಕು, ಒಂದನೇ ನಂಬರಿಂದು ಇನ್ನೂ ಉದ್ದದ ತರಂಗಾನೂ ಹಿಡ್ಕೊಳತ್ತೆ. ಬರೀ ಬಿಳಿ ಎಲ್‌ಇಡಿ ಕೆಳಗೆ ಎರಡರ ಕೆಲಸ ಸಮ ಆಗಲ್ಲ, ಒಂದು ಕಡೆ ಎಲೆಕ್ಟ್ರಾನ್ ಬಾಕಿ ನಿಂತ್ಕೊಳತ್ತೆ, ಸ್ವಲ್ಪ ಫಾರ್ ರೆಡ್ ಬಿದ್ರೆ ಅದು ಚಲಿಸತ್ತೆ. ಈಚೆಗೆ ಅಮೆರಿಕದ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಬ್ರೂಸ್ ಬಗ್‌ಬೀ, ಅವ್ರ ಜೊತೆ ಕೆಲಸ ಮಾಡಿದ ಶುಯಾಂಗ್ ಝೆನ್ ಇವ್ರು 700ರಿಂದ 750ರ ಫೋಟಾನ್‌ಗಳನ್ನೂ (ಬೆಳಕಿನ ಕಣ) ಲೆಕ್ಕಕ್ಕೆ ಸೇರಿಸ್ಬೇಕು ಅಂತ ವಾದ ಮಾಡ್ತಾ ಇದಾರೆ, 'ಈ-ಪಾರ್' (ದ್ಯುತಿಸಂಶ್ಲೇಷಣೆಗೆ ಆಗೋ ಬೆಳಕಿನ ವಿಸ್ತರಿಸಿದ ಲೆಕ್ಕ) ಅಂತ ಹೆಸರಿಟ್ಟು. ಷರತ್ತು ಒಂದೇ, ಜೊತೆಗೆ ಮಾಮೂಲಿ ಬೆಳಕು ಇರ್ಲೇಬೇಕು. ಹಾಗಾಗಿ ಅಂಗಡಿಯವನು ಪೂರ್ತಿ ಟೋಪಿ ಹಾಕಿಲ್ಲ, ಮಗನಿಗೆ ಹೇಳಿ.

ಆದ್ರೆ ನಿಮ್ಮ ಗಿಡದಲ್ಲಿ ಆಗಿರೋ ಬದಲಾವಣೆ ಇದಲ್ಲ. ಗಿಡಕ್ಕೆ ಬೆಳಕು ಊಟವೂ ಹೌದು ಸುದ್ದಿಯೂ ಹೌದು, ನಿಮ್ಮ ಐಆರ್ ಸ್ವಿಚ್ ಮಾಡಿದ್ದು ಮುಖ್ಯವಾಗಿ ಸುದ್ದಿ ಮುಟ್ಟಿಸೋ ಕೆಲಸ. ಎಲೆ ಏನ್ ಮಾಡತ್ತೆ ಅಂದ್ರೆ ಕೆಂಪು ಬೆಳಕನ್ನ ನುಂಗಿಬಿಡತ್ತೆ, ಫಾರ್ ರೆಡ್ ಮಾತ್ರ ಹಾಯ್ದು ಹೋಗತ್ತೆ, ಇಲ್ಲ ವಾಪಸ್ ಪುಟಿಯತ್ತೆ. ಬಯಲು ಬಿಸಿಲಲ್ಲಿ ಕೆಂಪು ಮತ್ತು ಫಾರ್ ರೆಡ್ ಅನುಪಾತ 1.2ರ ಹತ್ರ ಇರತ್ತೆ, ದಟ್ಟ ಮರದ ಕೆಳಗೆ 0.2ಕ್ಕಿಂತಲೂ ಇಳಿಯತ್ತೆ. ಎಲೆಯಲ್ಲಿ ಫೈಟೋಕ್ರೋಮ್ ಅಂತ ಒಂದು ಪ್ರೋಟೀನ್ ಇದೆ, 660ರ ಕೆಂಪು ಬಿದ್ರೆ ಒಂದು ರೂಪ, 730 ಬಿದ್ರೆ ಇನ್ನೊಂದು ರೂಪ. ಫಾರ್ ರೆಡ್ ಜಾಸ್ತಿ ಆಯ್ತೋ, ಗಿಡ "ನನ್ನ ಮೇಲೆ ಯಾರೋ ಬೆಳೆದು ನಿಂತಿದಾರೆ" ಅಂದ್ಕೊಂಡು, ರಷ್ ಇರೋ ಬಿಎಂಟಿಸಿ ಬಸ್ಸಲ್ಲಿ ಸ್ಟಾಪ್ ನೋಡೋಕೆ ಕತ್ತು ಉದ್ದ ಮಾಡ್ತೀವಲ್ಲ ಹಾಗೆ ಕಾಂಡ ಉದ್ದ ಮಾಡತ್ತೆ. ಕಾಮಕಸ್ತೂರಿ ಮಾಡಿದ್ದು ಅದೇ. ಲೆಟ್ಯೂಸಿಗೆ ಉದ್ದ ಮಾಡೋಕೆ ಕಾಂಡ ಇಲ್ಲ, ಅದಕ್ಕೆ ಎಲೆ ಅಗಲ ಮಾಡ್ತು, ತೆಳ್ಳಗೂ ಮಾಡ್ತು, ಇರೋ ಬಣ್ಣಾನೇ ದೊಡ್ಡ ಎಲೆಗೆ ಹಂಚಿಹೋಯ್ತು, ಜೊತೆಗೆ ಕೆಂಪು ಬಣ್ಣದ ಆಂಥೋಸಯನಿನ್ ತಯಾರಿನೂ ಕಮ್ಮಿ ಆಯ್ತು. ಬಿಳಚಿಕೊಂಡಿದ್ದು ಅದಕ್ಕೇ. ತೂಕ ಮಾರೋರಿಗೆ ಇದು ಲಾಭ ಸ್ವಾಮಿ, ಎಲೆ ದೊಡ್ಡದಾದ್ರೆ ಬೆಳಕು ಹಿಡಿಯೋ ಜಾಗಾನೂ ದೊಡ್ಡದು. ನಿಮಗೆ ಬೇಕಾಗಿರೋದು ಬಣ್ಣ, ವಾಸನೆ.

ತಮಾಷೆ ಏನಂದ್ರೆ ಈ ಫೈಟೋಕ್ರೋಮ್ ಕಥೆ ಹುಟ್ಟಿದ್ದೇ ಲೆಟ್ಯೂಸ್ ಬೀಜದಿಂದ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ತಂಡ ನೆನೆಸಿದ ಬೀಜಕ್ಕೆ ಕೆಂಪು ಬೆಳಕು ತೋರಿಸಿದ್ರೆ ಮೊಳಕೆ, ಆಮೇಲೆ ಫಾರ್ ರೆಡ್ ತೋರಿಸಿದ್ರೆ ಮೊಳಕೆ ಇಲ್ಲ, ಮತ್ತೆ ಕೆಂಪು ತೋರಿಸಿದ್ರೆ ಮತ್ತೆ ಮೊಳಕೆ, ಹೀಗೆ ಎಷ್ಟು ಸಲ ಅದಲು ಬದಲು ಮಾಡಿದ್ರೂ ಕೊನೆಗೆ ತೋರಿಸಿದ್ದು ಯಾವುದೋ ಅದರದ್ದೇ ತೀರ್ಮಾನ. ಇವತ್ತಿಗೂ ಎಷ್ಟೋ ಲೆಟ್ಯೂಸ್ ತಳಿ ಬೆಳಕಿಲ್ದೆ ಸರಿಯಾಗಿ ಮೊಳೆಯಲ್ಲ, ಬೀಜದ ಮೇಲೆ ಮಣ್ಣು ದಪ್ಪ ಮುಚ್ಚಬೇಡಿ ಅಂತ ನರ್ಸರಿಯವ್ರು ಹೇಳೋದು ಇದಕ್ಕೇ.

ಯುವಿ ವಿಷ್ಯ. ಮೂರು ಭಾಗ ಇದೆ: 315ರಿಂದ 400 ಎ, 280ರಿಂದ 315 ಬಿ, ಅದಕ್ಕಿಂತ ಕೆಳಗೆ ಸಿ, ಅದು ಓಝೋನ್ ದಾಟಿ ನೆಲಕ್ಕೆ ಬರೋದೇ ಇಲ್ಲ. ಯುವಿ-ಬಿ ಗುರುತಿಸೋಕೆ ಅಂತಲೇ ಗಿಡದಲ್ಲಿ ಯುವಿಆರ್8 ಅನ್ನೋ ಪ್ರೋಟೀನ್ ಇದೆ ಅಂತ 2011ರಲ್ಲಿ ಖಚಿತ ಆಯ್ತು. ಅದಕ್ಕೆ ಯುವಿ-ಬಿ ತಾಗಿದ್ರೆ ಗಿಡ ತನ್ನ ಎಲೆಗೆ ತಾನೇ ಸನ್‌ಸ್ಕ್ರೀನ್ ತಯಾರು ಮಾಡ್ಕೊಳತ್ತೆ, ಫ್ಲೇವನಾಯ್ಡು, ಆಂಥೋಸಯನಿನ್ನು. ಎಲೆ ದಪ್ಪ ಆಗತ್ತೆ, ಗಿಡ ಗಿಡ್ಡ ಇರತ್ತೆ. ಕಾಮಕಸ್ತೂರಿಯಲ್ಲಿ ಎಣ್ಣೆಯಂಶ ಕೂಡ ಯುವಿ-ಬಿ ಬಿದ್ರೆ ಹೆಚ್ಚತ್ತೆ. ಅಕ್ಕನ ಮನೆ ಲೆಟ್ಯೂಸ್ ಕೆಂಪು, ನಿಮ್ಮನೆ ಕಾಮಕಸ್ತೂರಿ ಸಪ್ಪೆ, ಎರಡಕ್ಕೂ ಇದೊಂದು ಕಾರಣ. ಕಿಟಕಿ ಪಕ್ಕ ಇಟ್ರೂ ಬರಲ್ಲ, ಮಾಮೂಲಿ ಗಾಜು ಯುವಿ-ಎ ತಕ್ಕಮಟ್ಟಿಗೆ ಬಿಡತ್ತೆ ಆದ್ರೆ ಯುವಿ-ಬಿ ಹೆಚ್ಚೂ ಕಮ್ಮಿ ಪೂರ್ತಿ ತಡೆಯತ್ತೆ.

ಆದ್ರೆ ಒಂದು ಮಾತು. ಬಣ್ಣಕ್ಕೆ ಯುವಿ ಒಂದೇ ಕಾರಣ ಅಲ್ಲ, ಒಟ್ಟು ಬೆಳಕೇ ಸಾಲದೆ ಇದ್ರೂ ಕೆಂಪಾಗಲ್ಲ. ನನ್ನ ಗುಮಾನಿ ನಿಮ್ಮಲ್ಲಿ ಮೊದಲ ಕೊರತೆ ಅದೇ. ಫೋನಲ್ಲಿ ಲಕ್ಸ್ ಮೀಟರ್ ಆಪ್ ಹಾಕ್ಕೊಂಡು ಎಲೆ ಮಟ್ಟದಲ್ಲಿ ಬರೀ ಬಿಳಿ ಲೈಟು ಎಷ್ಟು ಬರತ್ತೆ ಹೇಳಿ.

ಹೂವಿನ ಹೊಲ

ನಾವು ದೊಡ್ಡಬಳ್ಳಾಪುರ ಕಡೆಯವ್ರು. ಸೇವಂತಿಗೆ ಬೆಳೆಯೋರು ಈ ವಿದ್ಯೆನ ಹೊಲದಲ್ಲೇ ಮಾಡ್ತಾರೆ ಸರ್. ರಾತ್ರಿ ಹೊತ್ತು ದೇವನಹಳ್ಳಿ, ಚಿಕ್ಕಬಳ್ಳಾಪುರ ರೋಡಲ್ಲಿ ಹೋಗ್ತಾ ಯಾರದ್ದೋ ಮದುವೆ ಮನೆ ಥರ ಸಾಲಾಗಿ ಬಲ್ಬ್ ಉರಿಯೋ ತೋಟ ಕಂಡಿರ್ತೀರ, ಅದು ಅಲಂಕಾರ ಅಲ್ಲ. ಸೇವಂತಿಗೆ ರಾತ್ರಿ ಉದ್ದ ಆದ್ರೆ ಮೊಗ್ಗು ಬಿಡತ್ತೆ, ನಮ್ಮ ಕಡೆ ವರ್ಷದಲ್ಲಿ ಅತಿ ಉದ್ದದ ಹಗಲೇ ಸುಮಾರು 13 ಗಂಟೆ, ಹಾಗೇ ಬಿಟ್ರೆ ಗಿಡ ಮೊಣಕಾಲುದ್ದ ಆಗೋಕೆ ಮುಂಚೆನೇ ಹೂ ಬಂದ್ಬಿಡತ್ತೆ, ಇಲ್ಲ ಹಬ್ಬ ಇಲ್ದೇ ಇರೋ ಟೈಮಲ್ಲಿ ಬಂದು ಕೆ.ಆರ್. ಮಾರ್ಕೆಟ್ಟಲ್ಲಿ ಕೇಳೋರೇ ಇರಲ್ಲ. ರಾತ್ರಿ ನಡುವೆ ಬಲ್ಬ್ ಹಾಕಿದ್ರೆ ಗಿಡಕ್ಕೆ ರಾತ್ರಿ ತುಂಡಾದಂಗೆ, ಮೊಗ್ಗು ತಡ ಆಗತ್ತೆ. ಬೇಕಾದಾಗ ಆಫ್ ಮಾಡಿದ್ರೆ ಆಯ್ತು.

ಲ್ಯಾಬ್ ಕೋಟು ಸರ್ ಒಂದು ಡೌಟು. ಮುಂಚೆ ತಂತಿ ಬಲ್ಬ್ ಹಾಕ್ತಿದ್ರು, ಈಗ ಎಲ್ಲ ಎಲ್‌ಇಡಿ. ಹಳೇ ಬಲ್ಬಿನ ಕಾಲದಲ್ಲಿ ಗಿಡ ಜಾಸ್ತಿ ಎತ್ತರ ಹೋಗ್ತಿತ್ತು ಅಂತ ನಮ್ಮಪ್ಪ ಹೇಳ್ತಾರೆ, ನಿಜಾನಾ?

ಲ್ಯಾಬ್ ಕೋಟು

ನಿಮ್ಮಪ್ಪ ಹೇಳಿದ್ದು ಸರಿ ಇದೆ. ತಂತಿ ಬಲ್ಬಲ್ಲಿ ಕೆಂಪಿಗಿಂತ ಫಾರ್ ರೆಡ್ಡೇ ಜಾಸ್ತಿ, ಇನ್ನು ಬಹುಪಾಲು ಶಕ್ತಿ ಬರೀ ಶಾಖ. ಮೊಗ್ಗು ತಡೆಯೋಕೆ ಅದರಲ್ಲಿರೋ ಕೆಂಪು ಸಾಕಾಗತ್ತೆ, ಕಾಂಡ ಎಳೆಯೋಕೆ ಫಾರ್ ರೆಡ್ ಕೆಲಸ ಮಾಡತ್ತೆ. ಮಾಮೂಲಿ ಎಲ್‌ಇಡಿಯಲ್ಲಿ ಕೆಂಪು ಇದ್ರೂ ಫಾರ್ ರೆಡ್ ಹೆಚ್ಚೂ ಕಮ್ಮಿ ಇಲ್ಲದಿರೋದ್ರಿಂದ ಗಿಡ ಗಿಡ್ಡ ಇರತ್ತೆ. ರಾತ್ರಿ ಬೆಳಕಿದ್ರೆ ಮೊಗ್ಗು ತಡ ಆಗೋದ್ರಿಂದ, ಹಾಲಲ್ಲಿ ರಾತ್ರಿ ಹನ್ನೊಂದರವರೆಗೂ ಲೈಟ್ ಉರಿಯೋ ಮನೇಲಿ ಸೇವಂತಿಗೆ, ಪಾಯಿನ್ಸೆಟಿಯಾ ಕುಂಡ ಇಟ್ಕೊಂಡು ಹೂವೇ ಬಿಡ್ತಿಲ್ಲ ಅಂತ ಗೊಬ್ಬರ ಹಾಕೋರು ಗೊಬ್ಬರ ನಿಲ್ಲಿಸಿ ರಾತ್ರಿ ಹೊತ್ತು ಮಾತ್ರ ಕುಂಡಾನ ಕತ್ತಲೆ ರೂಮಿಗೆ ಸಾಗಿಸಿ ನೋಡಿ.

ಮೀನಿನ ತೊಟ್ಟಿ

ಯುವಿ ಬೇಕು ಅಂದ್ರೆ ಇಷ್ಟೊಂದು ತಲೆ ಯಾಕ್ರೀ ಕೆಡಿಸ್ಕೊಳೋದು. ನಮ್ಮನೇಲಿ ಹಳೇ ವಾಟರ್ ಪ್ಯೂರಿಫೈಯರ್ ಬಿಚ್ಚಿ ಹಾಕಿದ್ದು ಇದೆ, ಅದರೊಳಗಿನ ಯುವಿ ಟ್ಯೂಬ್ ಚೆನ್ನಾಗೇ ಉರಿಯತ್ತೆ, ಚೋಕ್ ಸಮೇತ ಇದೆ. ಅದನ್ನೇ ಗಿಡದ ಮೇಲೆ ಕಟ್ಟಿದ್ರೆ ಆಯ್ತಲ್ಲ?

ಲ್ಯಾಬ್ ಕೋಟು

ಬೇಡ ಗುರು, ದಯವಿಟ್ಟು ಬೇಡ!! ಅದು 254 ನ್ಯಾನೋಮೀಟರ್, ಯುವಿ-ಸಿ. ಬ್ಯಾಕ್ಟೀರಿಯಾದ ಡಿಎನ್‌ಎ ಹಾಳು ಮಾಡೋಕೆ ಇರೋದು, ನಿಮ್ಮ ಕಣ್ಣಿನ ಕಾರ್ನಿಯಾ, ಚರ್ಮ, ಎಲೆ ಎಲ್ಲದಕ್ಕೂ ಅದೇ ಗತಿ. ಮಂದ ನೀಲಿ ಕಾಣೋದ್ರಿಂದ ಏನೂ ಆಗಲ್ಲ ಅನ್ಸತ್ತೆ, ಸ್ವಲ್ಪ ಹೊತ್ತು ಹತ್ರದಿಂದ ನೋಡಿದ್ರೆ ಕೆಲವು ಗಂಟೆ ಬಿಟ್ಟು ಕಣ್ಣಲ್ಲಿ ಮರಳು ಹಾಕಿದಂಗೆ ಉರಿ, ನೀರು. ವೆಲ್ಡಿಂಗ್ ನೋಡಿದವರಿಗೆ ಆಗೋದೂ ಇದೇ. ಹಲ್ಲಿ ಆಮೆ ಸಾಕೋರು ಹಾಕೋ ಯುವಿ-ಬಿ ಟ್ಯೂಬ್ ಬೇರೆ, ಅದೂ ಟೈಮರ್ ಇಲ್ದೆ, ಮಕ್ಕಳು ಓಡಾಡೋ ರೂಮಲ್ಲಿ ನಾನಂತೂ ಹಾಕಲ್ಲ. ಕಾಣದೇ ಇರೋ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚಲ್ಲ, ಪಾಪೆನೂ ಕಿರಿದಾಗಲ್ಲ, ಅಪಾಯ ಇರೋದೇ ಅಲ್ಲಿ.

ಎಸ್‌ಪಿ ರೋಡ್ ಗಿರಾಕಿ

+1. ಆ ಟ್ಯೂಬಲ್ಲಿ ಪಾದರಸನೂ ಇರತ್ತೆ, ಮನೇಲಿ ಒಡೀಬೇಡಿ, ಇ-ವೇಸ್ಟ್ ತಗೊಳೋರಿಗೆ ಕೊಡಿ.

ಕಾಣದ ಬೆಳಕು ಅಂದ್ರೆ ನೆನಪಾಯ್ತು, ವಿಷ್ಯಕ್ಕೆ ಸ್ವಲ್ಪ ಆಚೆ. ಎಲೆ 750 ದಾಟಿದ ಇನ್‌ಫ್ರಾರೆಡ್‌ನ ಬಳಸಲ್ಲ, ಅರ್ಧದಷ್ಟನ್ನ ವಾಪಸ್ ಎಸೆಯತ್ತೆ, ಇಲ್ಲಾಂದ್ರೆ ಬಿಸಿಲಿಗೆ ಬೆಂದೋಗತ್ತೆ. ಇಸ್ರೋದವ್ರ ಐಆರ್‌ಎಸ್ (ಭೂಮಿನ ಮೇಲಿಂದ ಗಮನಿಸೋ) ಉಪಗ್ರಹ, 1988ರಲ್ಲಿ ಹಾರಿದ ಮೊದಲನೇದ್ರಿಂದಲೂ, ಕೆಂಪು ಮತ್ತು ನಿಯರ್ ಇನ್‌ಫ್ರಾರೆಡ್ ಎರಡನ್ನೂ ಅಳೀತಾವೆ. ಕೆಂಪು ನುಂಗಿ ಇನ್‌ಫ್ರಾರೆಡ್ ಎಸೀತಾ ಇದ್ರೆ ಅಲ್ಲಿ ಬೆಳೆ ಚೆನ್ನಾಗಿದೆ ಅಂತ ಲೆಕ್ಕ. ಅಂದ್ರೆ ಗಿಡ ಬೇಡ ಅಂತ ಬಿಟ್ಟ ಬೆಳಕಲ್ಲೇ ಬೆಳೆ ಸಮೀಕ್ಷೆ ನಡೆಯತ್ತೆ.

ಸೊಪ್ಪುಸಾರು

ಎಲ್ರಿಗೂ ಥ್ಯಾಂಕ್ಸ್, ಮಗನಿಗೂ ಓದಿಸಿದೆ, ಎಮರ್ಸನ್ ಹೆಸರು ನೋಡಿ ಸುಮ್ನಾದ. ಐನೂರರ ನೋಟು ಸ್ವಲ್ಪ ಹೊಳೀತು. ಐಆರ್ ಚುಕ್ಕೆ ಮಂಕು ಕೆಂಪೇ, ಹಾಗಾದ್ರೆ 730. ಲಕ್ಸ್ ಮೀಟರಲ್ಲಿ ಎಲೆ ಹತ್ರ 9000 ತೋರಿಸ್ತಿದೆ, ಲೈಟು ದಿನಕ್ಕೆ 14 ಗಂಟೆ ಹಾಕ್ತೀನಿ. ಐಆರ್ ಹಾಕಿದ್ರೂ ತೆಗೆದ್ರೂ ಮೀಟರ್ ಅಲ್ಲಾಡಲ್ಲ.

ಲ್ಯಾಬ್ ಕೋಟು

ಅಲ್ಲಾಡಬಾರದು ಕೂಡ. ಲಕ್ಸ್ ಅನ್ನೋದು ಮನುಷ್ಯರ ಕಣ್ಣಿನ ಲೆಕ್ಕ, ಫಾರ್ ರೆಡ್ಡು ಯುವಿ ಎರಡೂ ಅದಕ್ಕೆ ಸೊನ್ನೆ. ನೇರಳೆ ಬಣ್ಣದ ಗ್ರೋ ಲೈಟಿಗೂ ಈ ಮೀಟರ್ ಸುಳ್ಳು ಹೇಳತ್ತೆ. ಬಿಳಿ ಎಲ್‌ಇಡಿಗೆ ಪರವಾಗಿಲ್ಲ, ಲಕ್ಸನ್ನ ಸುಮಾರು 67ರಿಂದ ಭಾಗಿಸಿ, 9000 ಅಂದ್ರೆ 135 ಮೈಕ್ರೋಮೋಲ್ (ಚದರ ಮೀಟರಿಗೆ ಸೆಕೆಂಡಿಗೆ ಬೀಳೋ ಬೆಳಕಿನ ಕಣಗಳ ಲೆಕ್ಕ). 14 ಗಂಟೆಗೆ ದಿನದ ಒಟ್ಟು ಬೆಳಕು 6.8 ಮೋಲ್. ಲೆಟ್ಯೂಸಿಗೆ 12ರಿಂದ 17 ಬೇಕು. ಅಕ್ಕನ ತಾರಸಿ ಮೇಲೆ ಒಳ್ಳೆ ಬಿಸಿಲಿನ ದಿನ 40ರ ಹತ್ರ ಬೀಳತ್ತೆ. ಅಂದ್ರೆ ಗಿಡ ಅರೆಹೊಟ್ಟೆ, ಅದರ ಮೇಲೆ ದಿನಪೂರ್ತಿ "ನೆರಳಲ್ಲಿದೀಯ" ಅನ್ನೋ ಸುದ್ದಿ, ಇನ್ನೇನ್ ಮಾಡತ್ತೆ ಪಾಪ.

ಪ್ಯಾನಲ್ ಕೆಳಗಿಳಿಸಿ ಎಲೆ ಹತ್ರ 14000 ಲಕ್ಸ್ ಬರೋ ಹಾಗೆ ಮಾಡಿ, 16 ಗಂಟೆ ಹಾಕಿ, 12 ಮೋಲ್ ಆಗತ್ತೆ. ಐಆರ್ ಸದ್ಯಕ್ಕೆ ಆಫ್. ಬೆಳಕು ಸರಿಹೋದ್ಮೇಲೆ ಬೇಕಾದ್ರೆ ಲೆಟ್ಯೂಸ್ ಚಿಕ್ಕದಿರೋವಾಗ ಮಾತ್ರ ಹಾಕಿ, ಎಲೆ ಬೇಗ ಅಗಲ ಆಗತ್ತೆ, ಕೀಳೋ ಟೈಮ್ ಹತ್ರ ಬಂದಾಗ ತೆಗೀರಿ. ಕಾಮಕಸ್ತೂರಿ ಇರೋ ಕಡೆ ಅದು ಬೇಡವೇ ಬೇಡ. ಕುಂಡಗಳನ್ನ ಒತ್ತೊತ್ತಾಗೂ ಇಡಬೇಡಿ, ಪಕ್ಕದ ಗಿಡದ ಎಲೆಯಿಂದ ಪುಟಿಯೋ ಫಾರ್ ರೆಡ್ ಸಾಕು, ನೆರಳು ಬೀಳೋಕೆ ಮುಂಚೆನೇ ಉದ್ದ ಆಗೋಕೆ ಶುರು ಮಾಡ್ತಾವೆ. ಯುವಿ ಸ್ವಿಚ್ ಇದ್ರೂ ನಷ್ಟ ಇಲ್ಲ, ದೊಡ್ಡ ಲಾಭಾನೂ ಇಲ್ಲ.

ಬಣ್ಣಕ್ಕೆ ದುಡ್ಡು ಖರ್ಚು ಮಾಡ್ಬೇಡಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋ ಊರು, ಮಾರ್ಚ್ ಏಪ್ರಿಲ್ ಮಧ್ಯಾಹ್ನ ಯುವಿ ಇಂಡೆಕ್ಸ್ 11 ದಾಟತ್ತೆ, ತಾರಸಿ ಮೇಲೆ ಯುವಿ-ಬಿ ಪುಕ್ಕಟೆ. ಕೀಳೋಕೆ ಒಂದು ವಾರ ಇದೆ ಅನ್ನೋವಾಗ ಕುಂಡ ಮೇಲಿಡಿ. ಮೊದಲೆರಡು ದಿನ ಬೆಳಗಿನ ಎಳೆಬಿಸಿಲು ಮಾತ್ರ, ರೂಮಲ್ಲಿ ಬೆಳೆದ ಎಲೆಗೆ ಸನ್‌ಸ್ಕ್ರೀನ್ ಇರಲ್ಲ, ನೇರ ಮಧ್ಯಾಹ್ನಕ್ಕಿಟ್ರೆ ಸುಟ್ಟು ಬಿಳಿ ಮಚ್ಚೆ ಬೀಳತ್ತೆ.

ಟೊಮ್ಯಾಟೊ ಗೊಜ್ಜು

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮನೇಲಿ ಎಲ್‌ಇಡಿ ಕೆಳಗಿರೋ ಟೊಮ್ಯಾಟೊ ಸಸಿ ಎಲೆ ಮೇಲೆ ಸಣ್ಣ ಸಣ್ಣ ಗುಳ್ಳೆ, ಹುಳ ಏನೂ ಇಲ್ಲ. ಬೇವಿನೆಣ್ಣೆ ಹೊಡೆದ್ರೂ ಹೋಗ್ತಿಲ್ಲ. ಇದಕ್ಕೂ ಯುವಿಗೂ ಸಂಬಂಧ ಇದ್ಯಾ?

ಲ್ಯಾಬ್ ಕೋಟು

ಇರಬಹುದು. ಯುವಿ ಇಲ್ಲದ ಕಡೆ, ಅದರಲ್ಲೂ ಕೆಂಪು ಜಾಸ್ತಿ ನೀಲಿ ಕಮ್ಮಿ ಇರೋ ಲೈಟ್ ಕೆಳಗೆ ಕೆಲವು ಟೊಮ್ಯಾಟೊ ತಳಿಗೆ ಹಾಗೆ ಗುಳ್ಳೆ ಏಳತ್ತೆ, ರೋಗ ಅಲ್ಲ, ಜೀವಕೋಶ ಊದಿಕೊಳ್ಳೋದು. ತೇವ ಜಾಸ್ತಿ ಇದ್ರೂ ಹೆಚ್ಚತ್ತೆ. ಎಣ್ಣೆ ನಿಲ್ಲಿಸಿ, ಸಸಿನ ಮೆಲ್ಲಗೆ ಹೊರಗಿನ ಬಿಸಿಲಿಗೆ ರೂಢಿ ಮಾಡಿ, ಹೊಸ ಎಲೆ ಸರಿಯಾಗಿ ಬಂದ್ರೆ ಅದೇ ಅಂತ. ಹಳೇ ಎಲೆ ಮೇಲಿರೋದು ಹೋಗಲ್ಲ.

ಮೀನಿನ ತೊಟ್ಟಿ

ಟ್ಯೂಬ್ ಎತ್ತಿ ಅಟ್ಟದ ಮೇಲಿಟ್ಟೆ, ಗಾಬರಿ ಆಗ್ಬೇಡಿ. ಆದ್ರೆ 100 ವ್ಯಾಟ್ 16 ಗಂಟೆ ಅಂದ್ರೆ ತಿಂಗಳಿಗೆ 48 ಯೂನಿಟ್ ಮೇಡಂ, ಗೃಹಜ್ಯೋತಿ 200 ದಾಟದಂಗೆ ನೋಡ್ಕೊಳ್ಳಿ, ಆಮೇಲೆ ಲೆಟ್ಯೂಸು ಬಂಗಾರದ ರೇಟಾಗತ್ತೆ :D

ಸೊಪ್ಪುಸಾರು

ನಮ್ಮ ಸರಾಸರಿ ಈಗಾಗ್ಲೇ ಅಂಚಲ್ಲಿದೆ ಅಣ್ಣ, ನೆನಪಿಸ್ಬೇಡಿ. ಪ್ಯಾನಲ್ ಕೆಳಗಿಳಿಸಿದೀನಿ, ಐಆರ್ ಆಫ್. ತಾರಸಿಗೆ ಇಡೋದು ಓಕೆ, ಆದ್ರೆ ಅಲ್ಲಿ ಪಾರಿವಾಳದ ಕಾಟ ವಿಪರೀತ, ಓನರ್ ಒಂದು ಮೂಲೇಲಿ ನೆಟ್ ಕಟ್ಟಿಸಿದಾರೆ, ಇನ್ನೊಂದು ಕಡೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಇದೆ, ಬಟ್ಟೆ ಒಣಗಿಸೋ ಜಾಗ. ಶೀಟ್ ಕೆಳಗಿಟ್ರೆ ಮಳೆಗೂ ಸೇಫು, ಬೆಳಕೂ ಚೆನ್ನಾಗಿದೆ, ಅಲ್ಲೇ ಇಡ್ಲಾ?

ಲ್ಯಾಬ್ ಕೋಟು

ನೆಟ್ ಕೆಳಗೆ ಇಡಿ. ನೆಟ್ಟು ಎಷ್ಟು ಜಾಗ ಮುಚ್ಚತ್ತೋ ಅಷ್ಟು ಮಾತ್ರ ತಡೆಯತ್ತೆ, ಯುವಿ ಸಮೇತ ಮಿಕ್ಕಿದ್ದೆಲ್ಲ ಒಳಗೆ ಬರತ್ತೆ. ಪಾಲಿಕಾರ್ಬೊನೇಟ್ ಗಾಜಿಗಿಂತ ಗಟ್ಟಿಗ, ಕಣ್ಣಿಗೆ ಕಾಣೋ ಬೆಳಕು ಬಿಡತ್ತೆ, ಯುವಿ-ಬಿ ಅಲ್ಲದೆ ಯುವಿ-ಎದಲ್ಲೂ ಬಹುಪಾಲು ತಡೆದುಬಿಡತ್ತೆ. ಅದರ ಕೆಳಗೆ ಗಿಡ ಚೆನ್ನಾಗಿ ಬೆಳೆಯತ್ತೆ, ಬಣ್ಣಕ್ಕೆ ಬೇಕಾದ ಯುವಿ ಮಾತ್ರ ಸಿಗಲ್ಲ. ಮಳೆ ಬರೋ ಹಾಗಿದ್ರೆ ಆ ಹೊತ್ತಿಗೆ ಮಾತ್ರ ಶೀಟ್ ಕಡೆ ಎಳ್ಕೊಳ್ಳಿ.

ಸೊಪ್ಪುಸಾರು

ಸರಿ ಸರ್. ನಾಲ್ಕು ಕುಂಡ ನೆಟ್ ಕೆಳಗೆ, ನಾಲ್ಕು ಶೀಟ್ ಕೆಳಗೆ ಇಡ್ತಾನಂತೆ ಮಗ, ಫೋಟೋ ತೆಗೆದು ಇಲ್ಲೇ ಹಾಕಿಸ್ತೀನಿ.